ನಿಜ ನುಡಿದೂ ಕೆಡುವ ಸತ್ಯವ್ರತ

ದಶಲಕ್ಷಣ ಪರ್ವದ ಹತ್ತು ದಿನಗಳಲ್ಲಿ ದಿನಕ್ಕೊಂದರಂತೆ ತತ್ತ್ವಾರ್ಥಸೂತ್ರದ ಹತ್ತು ಅಧ್ಯಾಯಗಳನ್ನು ವಾಚಿಸುವ ಪದ್ಧತಿ ನಮ್ಮಲ್ಲಿದೆ. ಏಳನೆಯ ದಿನ ಬರುವ ಏಳನೆಯ ಅಧ್ಯಾಯವು ಶ್ರಾವಕನ ವ್ರತಗಳಿಗೆ ಮೀಸಲಾದುದು. ಅದರಲ್ಲಿ ಸತ್ಯಾಣುವ್ರತದ ಐದು ಅತಿಚಾರಗಳನ್ನು ಹೇಳುವ ಸೂತ್ರವೊಂದಿದೆ. ಮಿಥ್ಯೋಪದೇಶ, ಕೂಟಲೇಖಕ್ರಿಯೆ ಎಂಬವುಗಳಿಗೆ ವ್ಯಾಖ್ಯಾನವೇ ಬೇಕಾಗದು. ಸುಳ್ಳು ಉಪದೇಶವೂ ಸುಳ್ಳು ಪತ್ರವೂ ಸತ್ಯಕ್ಕೆ ವಿರುದ್ಧವೆಂಬುದನ್ನು ಬಾಲಕರೂ ಬಲ್ಲರು. ಆದರೆ ಅದೇ ಸಾಲಿನಲ್ಲಿ ಉಮಾಸ್ವಾಮಿಗಳು ರಹೋಭ್ಯಾಖ್ಯಾನ ಮತ್ತು ಸಾಕಾರಮಂತ್ರಭೇದಗಳನ್ನೂ ಇಟ್ಟಿದ್ದಾರೆ. ಏಕಾಂತದಲ್ಲಿ ನಡೆದುದನ್ನು ಬಯಲಿಗೆಳೆಯುವುದು ಮೊದಲನೆಯದು. ಮನದ ಅಭಿಪ್ರಾಯವನ್ನು ಕುರುಹುಗಳಿಂದ ತಿಳಿದು ಹೊರಗೆಡಹುವುದು ಎರಡನೆಯದು. ಈ ಎರಡನ್ನೂ ಮಾಡುವವನು ಸುಳ್ಳಾಡುವುದಿಲ್ಲ, ನಿಜವನ್ನೇ ಹೇಳುತ್ತಾನೆ. ನಿಜವನ್ನು ಹೇಳಿದವನ ಸತ್ಯವ್ರತಕ್ಕೆ ದೋಷ ತಗಲುವುದು ಹೇಗೆ? ಬಹುಕಾಲದಿಂದ ನನ್ನನ್ನು ಕಾಡುತ್ತಿದ್ದ ಈ ಪ್ರಶ್ನೆಗೆ, ಗ್ರಾಹಕರ ಮಾಹಿತಿಯನ್ನು ಅಗೆದು ಮಾರುವ ಇಂದಿನ ವಾಣಿಜ್ಯವು ಅನಿರೀಕ್ಷಿತವಾಗಿ ಉತ್ತರ ಕೊಟ್ಟಿತು.

ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ಸಾಕಾರಮಂತ್ರಭೇದವನ್ನು ಬಿಡಿಸುವ ಬಗೆಯನ್ನು ಗಮನಿಸಬೇಕು. ಸಂದರ್ಭದಿಂದಾಗಲಿ, ಅಂಗಗಳ ವಿಕಾರದಿಂದಾಗಲಿ, ಹುಬ್ಬಿನ ಚಲನೆಯಿಂದಾಗಲಿ ಪರರ ಮನಸ್ಸನ್ನು ಅರಿತು, ಅಸೂಯೆಯೇ ಮೊದಲಾದ ಕಾರಣಗಳಿಂದ ಅದನ್ನು ಪ್ರಕಟಿಸುವುದು ಎಂದು ಅವರ ವಿವರಣೆಯ ತಾತ್ಪರ್ಯ. ಇಲ್ಲಿ ಯಾರೂ ಬಾಯಿಬಿಟ್ಟು ಗುಟ್ಟು ಹೇಳಿಲ್ಲ. ಯಾರ ಪೆಟ್ಟಿಗೆಯನ್ನೂ ಒಡೆದಿಲ್ಲ. ಎಲ್ಲರ ಕಣ್ಣಿಗೂ ಬೀಳುವ ಕುರುಹುಗಳಿಂದ ಕಾಣದುದನ್ನು ಊಹಿಸಿದ್ದಾಗಿದೆ, ಅಷ್ಟೆ. ಆದರೂ ಅದು ದೋಷವೇ. ‘ಮೊದಲಾದ’ ಎಂಬಲ್ಲಿ ಲೋಭವೂ ಸೇರಿತೆಂದು ತಿಳಿಯುವುದರಲ್ಲಿ ತಪ್ಪಿರಲಾರದು.

ಈಗ ದೂರದ ದೇಶದ ಒಂದು ಉದಾಹರಣೆಯನ್ನು ನೋಡೋಣ. ಅಮೆರಿಕದ ಟಾರ್ಗೆಟ್ ಎಂಬ ದೊಡ್ಡ ಅಂಗಡಿಗಳ ಸಂಸ್ಥೆಯು 2002ರಲ್ಲಿ ಆಂಡ್ರ್ಯೂ ಪೋಲ್ ಎಂಬ ಸಂಖ್ಯಾಶಾಸ್ತ್ರಜ್ಞರನ್ನು ನೇಮಿಸಿಕೊಂಡಿತು. ಗರ್ಭಿಣಿಯಾದ ಗ್ರಾಹಕಳನ್ನು ಆಕೆ ತಾನಾಗಿ ಹೇಳದೆಯೇ ಗುರುತಿಸಬಹುದೇ ಎಂಬುದು ಅವರ ಮುಂದಿಟ್ಟ ಪ್ರಶ್ನೆಗಳಲ್ಲೊಂದು. ಮಗು ಹುಟ್ಟುವ ಕಾಲದಲ್ಲಿ ಸಂಸಾರದ ಕೊಳ್ಳುವ ಅಭ್ಯಾಸಗಳು ಸಡಿಲಗೊಳ್ಳುತ್ತವೆ. ಆಗ ಹಿಡಿದವರು ಬಹುಕಾಲ ತಮ್ಮವರಾಗುತ್ತಾರೆಂಬುದು ಈ ಪ್ರಶ್ನೆಯ ಹಿಂದಿನ ಲೆಕ್ಕ. ಪೋಲರು ಹಿಂದಿನ ಖರೀದಿಗಳನ್ನು ಪರಿಶೀಲಿಸಿ ಸುಮಾರು 25 ಸರಕುಗಳನ್ನು ಆರಿಸಿದರು. ವಾಸನೆಯಿಲ್ಲದ ಲೋಷನ್ನು, ಕ್ಯಾಲ್ಸಿಯಂ, ಮೆಗ್ನೀಸಿಯಂ, ಸತುವಿನ ಮಾತ್ರೆಗಳು ಮೊದಲಾದವುಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಗರ್ಭವನ್ನೂ ಹೆರಿಗೆಯ ಸುಮಾರು ಕಾಲವನ್ನೂ ಊಹಿಸಬಹುದಾಗಿತ್ತು. 2012ರ ಫೆಬ್ರವರಿಯಲ್ಲಿ ಚಾರ್ಲ್ಸ್ ಡುಹಿಗ್ ಎಂಬ ಪತ್ರಕರ್ತರು ಇದನ್ನು ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಮ್ಯಾಗಜೀನಿನಲ್ಲಿ ಬರೆದರು. ಮಗಳು ಗರ್ಭಿಣಿಯೆಂಬುದನ್ನು ತಂದೆ ಅಂಗಡಿಯ ಕೂಪನ್ನುಗಳಿಂದ ತಿಳಿದನೆಂಬ ಅವರ ಲೇಖನದ ಪ್ರಸಂಗವು ಜಗತ್ತೆಲ್ಲ ಹಬ್ಬಿತು. ನನ್ನ ಗಮನವನ್ನು ಸೆಳೆದುದು ಅದಲ್ಲ, ಅದೇ ಲೇಖನದ ಇನ್ನೊಂದು ಸಂಗತಿ. ತಮ್ಮ ಗರ್ಭದ ವಿಷಯ ಅಂಗಡಿಗೆ ತಿಳಿದಿದೆಯೆಂದರೆ ಸ್ತ್ರೀಯರಿಗೆ ಕಸಿವಿಸಿಯಾಗುವುದನ್ನು ಸಂಸ್ಥೆಯವರು ಕಂಡುಕೊಂಡರು. ಆದುದರಿಂದ ಮಗುವಿನ ಸರಕುಗಳ ಜಾಹೀರಾತಿನ ಪಕ್ಕದಲ್ಲಿ ಹುಲ್ಲು ಕತ್ತರಿಸುವ ಯಂತ್ರದಂತಹ ಸಂಬಂಧವಿಲ್ಲದ ವಸ್ತುಗಳ ಜಾಹೀರಾತುಗಳನ್ನು ಸೇರಿಸಿ, ಎಲ್ಲವೂ ಆಕಸ್ಮಿಕವಾಗಿ ಬಂದಂತೆ ತೋರಿಸತೊಡಗಿದರು.

ಊಹೆಯಲ್ಲಿ ಸುಳ್ಳಿರಲಿಲ್ಲ. ಆದರೆ ಊಹೆಯನ್ನು ಬಳಸಲು ಹೊರಟೊಡನೆ ಮಾಯಾಚಾರ ಬೇಕಾಯಿತು. ಪರರ ಅಂತರಂಗವನ್ನು ಅವರ ಅನುಮತಿಯಿಲ್ಲದೆ ತಿಳಿದವನು ತನಗೆ ತಿಳಿದಿದೆಯೆಂಬುದನ್ನು ಮುಚ್ಚಿಡಲೇಬೇಕು. ಮುಚ್ಚಿಟ್ಟೊಡನೆ ಅವನ ಮುಂದಿನ ನಡೆಯೆಲ್ಲವೂ ಕಪಟವಾಗುತ್ತದೆ. ಗುಟ್ಟಿನ ಭೇದವನ್ನು ಅಸ್ತೇಯದ ಕೆಳಗೆ ಸೇರಿಸದೆ ಸತ್ಯದ ಕೆಳಗೆ ಸೇರಿಸಿದ್ದರ ಔಚಿತ್ಯ ನನಗೆ ಹೊಳೆದುದು ಇಲ್ಲಿ.

‘ಹಿಂದಿನ ಅಂಗಡಿಯವರಿಗೆ ನಮ್ಮ ಮನೆಯ ಸಮಾಚಾರ ತಿಳಿದಿರಲಿಲ್ಲವೇ?’ ಎಂದು ಕೇಳುವವರುಂಟು. ತಿಳಿದಿತ್ತು, ನಿಶ್ಚಯವಾಗಿ. ಊರಿನ ದಿನಸಿ ಅಂಗಡಿಯ ಯಜಮಾನರಿಗೆ ಯಾರ ಮನೆಯಲ್ಲಿ ಬಾಣಂತಿ ಇದ್ದಾಳೆ, ಯಾರ ಖಾತೆಯಲ್ಲಿ ಬಾಕಿ ಏರುತ್ತಿದೆ ಎಂಬುದೆಲ್ಲ ಗೊತ್ತಿರುತ್ತಿತ್ತು. ಆದರೆ ಅವರಿಗೂ ನಮಗೂ ಮುಖಪರಿಚಯವಿತ್ತು. ಅವರು ಬಲ್ಲರೆಂಬುದನ್ನು ನಾವು ಬಲ್ಲೆವು. ಗುಟ್ಟು ಬಿಟ್ಟುಕೊಟ್ಟರೆ ಊರು ಅವರನ್ನು ಕೇಳುತ್ತಿತ್ತು. (ಎಲ್ಲ ಯಜಮಾನರೂ ಬಾಯಿ ಬಿಗಿಹಿಡಿದವರೆಂದು ನಾನು ಹೇಳಲಾರೆ. ಜಗುಲಿಯ ಹರಟೆಯೂ ಸಾಕಾರಮಂತ್ರಭೇದವೇ.) ಇಂದು ನಮ್ಮನ್ನು ಬಲ್ಲವರಿಗೆ ಮುಖವಿಲ್ಲ. ಅಂಗಡಿಗೆ ಕೊಟ್ಟ ದೂರವಾಣಿ ಸಂಖ್ಯೆ, ಮೊಬೈಲಿನಲ್ಲಿ ಹುಡುಕಿದ ಔಷಧಿಯ ಹೆಸರು, ಹೋಗಿಬಂದ ದಾರಿ, ಇವು ಬೇರೆ ಬೇರೆ ಕೈಗಳಿಂದ ಬಂದು ಒಂದೆಡೆ ಕೂಡಿ ಮಾರಾಟವಾಗುತ್ತವೆ.

ಇಲ್ಲಿ ಉಳಿದೊಂದು ಅತಿಚಾರವಾದ ನ್ಯಾಸಾಪಹಾರವನ್ನೂ ನೆನೆಯಬೇಕು. ಒಬ್ಬನು ಚಿನ್ನವನ್ನು ನಂಬಿಕೆಯಿಂದ ಇಟ್ಟು, ಎಷ್ಟಿಟ್ಟೆನೆಂಬುದನ್ನು ಮರೆತು ಕಡಿಮೆ ಕೇಳಿದಾಗ, ಇಟ್ಟುಕೊಂಡವನು ‘ಹೌದು, ಅಷ್ಟೇ’ ಎಂದು ಒಪ್ಪುವುದು ಅದರ ಲಕ್ಷಣವೆಂದು ಪೂಜ್ಯಪಾದರು ಹೇಳುತ್ತಾರೆ. ತಾವೇನು ಕೊಟ್ಟೆವೆಂಬ ಲೆಕ್ಕವು ಇಂದು ಯಾವ ಗ್ರಾಹಕನಿಗಿದೆ? ವಿಳಾಸ ಕೊಟ್ಟೆನೆಂದು ಅವನು ತಿಳಿದಿರುತ್ತಾನೆ. ಕೊಟ್ಟದ್ದರಿಂದ ಹಿಂಡಿ ತೆಗೆದದ್ದು ಎಷ್ಟೋ ಪಟ್ಟು ಹೆಚ್ಚು.

ಮಾಡುವುದು ಯಂತ್ರ, ಯಂತ್ರಕ್ಕೆ ಕಷಾಯವೆಲ್ಲಿಯದು, ಪಾಪವೆಲ್ಲಿಯದು ಎಂಬ ಆಕ್ಷೇಪವೂ ಬರುತ್ತದೆ. ಉಪಯೋಗವು ಜೀವದ ಲಕ್ಷಣ, ಯಂತ್ರವು ಪುದ್ಗಲ, ಅದಕ್ಕೆ ಬಂಧವಿಲ್ಲವೆಂಬುದು ಸರಿಯೇ. ಆದರೆ ಕತ್ತಿಗೂ ಬಂಧವಿಲ್ಲ. ಕೃತ, ಕಾರಿತ, ಅನುಮೋದನೆಗಳೆಂದು ಆಚಾರ್ಯರು ವಿಂಗಡಿಸಿದ್ದು ಇಂತಹ ನೆಪಗಳಿಗೆ ಎಡೆಗೊಡದಿರಲೆಂದೇ. ಯಂತ್ರಕ್ಕೆ ಇದನ್ನೇ ಹುಡುಕೆಂದು ಹೇಳಿದವನು ಕಾರಿತದಲ್ಲಿದ್ದಾನೆ. ಅದರ ಫಲವನ್ನು ಕೊಂಡು ಲಾಭ ಎಣಿಸುವವನು ಅನುಮೋದನೆಯಲ್ಲಿದ್ದಾನೆ. ಕಳವಿನ ಮೂಲದ ಪಟ್ಟಿಯೆಂದು ತಿಳಿದೂ ಕೊಂಡಿದ್ದರೆ ತದಾಹೃತಾದಾನವೂ ಅವನಿಗೆ ಅಂಟುತ್ತದೆ.

ಇದಕ್ಕಿಂತ ಗಂಭೀರವಾದ ಆಕ್ಷೇಪವೊಂದನ್ನು ತರುಣ ಮಿತ್ರರೊಬ್ಬರು ನನ್ನ ಮುಂದಿಟ್ಟರು. ‘ಕೇವಲಿಗಳು ಸರ್ವವನ್ನೂ ಬಲ್ಲರಲ್ಲವೇ? ನಮ್ಮ ಅಂತರಂಗವೂ ಅವರಿಗೆ ತೆರೆದಿದೆ. ಅದರಿಂದ ನಮಗೆ ಬಾಧೆಯಿಲ್ಲವಾದರೆ ಅಂಗಡಿಯವನು ತಿಳಿದರೆ ಮಾತ್ರ ಏಕೆ ಬಾಧೆ?’ ತಕ್ಷಣ ಉತ್ತರಿಸಲು ನನಗಾಗಲಿಲ್ಲ. ಈಗ ಹೇಳುವುದಿಷ್ಟು: ಕೇವಲಿಗೆ ನಮ್ಮಿಂದ ಬೇಕಾದುದು ಏನೂ ಇಲ್ಲ. ಮೋಹನೀಯವು ಕ್ಷಯವಾದ ಮೇಲೆಯೇ ಕೇವಲಜ್ಞಾನವು ಪ್ರಕಟವಾಗುತ್ತದೆಂಬ ಕ್ರಮವನ್ನು ಮರೆಯಬಾರದು. ರಾಗವು ಅಳಿಯದೆ ಸರ್ವಜ್ಞತೆ ಬಾರದು. ವಾಣಿಜ್ಯವು ಈ ಕ್ರಮವನ್ನು ತಲೆಕೆಳಗು ಮಾಡಿದೆ. ಅದರಲ್ಲಿ ಲೋಭ ಬೆಳೆದಷ್ಟೂ ಅರಿವು ಬೆಳೆಯುತ್ತದೆ, ಅರಿವು ಬೆಳೆದಷ್ಟೂ ಲೋಭ ಬೆಳೆಯುತ್ತದೆ.

ಛದ್ಮಸ್ಥರಾದ ನಮ್ಮೊಳಗೆ ಪರರ ಗುಟ್ಟನ್ನು ತಿಳಿಯುವ ಅಧಿಕಾರ ಯಾರಿಗಿದೆಯೆಂಬುದಕ್ಕೂ ಶಾಸ್ತ್ರದಲ್ಲಿ ಉತ್ತರವಿದೆ. ನಮ್ಮ ವಡ್ಡಾರಾಧನೆಯ ಕಥೆಗಳಿಗೆ ಮೂಲವಾದ ಗಾಹೆಗಳಿರುವ ಭಗವತೀ ಆರಾಧನೆಯಲ್ಲಿ, ಆಲೋಚನೆಯನ್ನು ಕೇಳುವ ಆಚಾರ್ಯರಿಗೆ ‘ಅಪರಿಸ್ರಾವಿ’ ಎಂಬ ಗುಣವಿರಬೇಕೆಂದು ಹೇಳಿದೆ. ಕಾದ ಕಬ್ಬಿಣವು ಕುಡಿದ ನೀರು ಹೇಗೆ ಹೊರಬಾರದೋ ಹಾಗೆ ಶಿಷ್ಯನು ನಿವೇದಿಸಿದ ದೋಷವು ಅವರಿಂದ ಹೊರಬೀಳಬಾರದು. ದೋಷಗಳನ್ನು ನಿರ್ಭಯವಾಗಿ ಒಪ್ಪಿಕೊಳ್ಳುವುದು ಸಾಧ್ಯವಾಗುವುದೇ ಈ ಭರವಸೆಯಿಂದ. ಅದು ಹೋದರೆ ಆಲೋಚನೆಯೂ ಹೋಗುತ್ತದೆ, ಪ್ರಾಯಶ್ಚಿತ್ತವೂ ಹೋಗುತ್ತದೆ.

ನಮ್ಮ ದೇಶದಲ್ಲಿ ಕಾನೂನು ತಡವಾಗಿಯಾದರೂ ಇತ್ತ ನೋಡಿದೆ. ಕರ್ನಾಟಕದ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠವು 2017ರ ಆಗಸ್ಟ್ 24ರಂದು ಖಾಸಗಿತನವು ಮೂಲಭೂತ ಹಕ್ಕೆಂದು ಏಕಮತದಿಂದ ತೀರ್ಪಿತ್ತಿತು. 2023ರಲ್ಲಿ ವೈಯಕ್ತಿಕ ಮಾಹಿತಿಯ ರಕ್ಷಣೆಗೆಂದು ಸಂಸತ್ತು ಅಧಿನಿಯಮವನ್ನೂ ಮಾಡಿತು. ಇವು ಅಗತ್ಯವಾದವು. ಆದರೆ ಕಾನೂನು ‘ಒಪ್ಪಿಗೆ ಇತ್ತೇ?’ ಎಂದು ಕೇಳುತ್ತದೆ. ವ್ರತವು ‘ನಿನ್ನ ಮನಸ್ಸಿನಲ್ಲಿ ಏನಿತ್ತು?’ ಎಂದು ಕೇಳುತ್ತದೆ. ಓದದೆ ಒತ್ತಿದ ಒಪ್ಪಿಗೆಯು ಮೊದಲನೆಯ ಪ್ರಶ್ನೆಗೆ ಸಾಕಾದೀತು.

ವ್ರತಿಕರಾದ ನಮಗೆ ಈ ವಿಷಯ ಹೊರಗಿನದೆಂದು ಯಾರೂ ಭಾವಿಸಬಾರದು. ಒಂದು ಮನೆಯವರು ಕಂದಮೂಲಗಳನ್ನು ಕೊಳ್ಳುವುದೇ ಇಲ್ಲ. ಅಷ್ಟಮಿ ಚತುರ್ದಶಿಗಳಂದು ಹಸಿರು ತರಕಾರಿ ಬೇಡವೆನ್ನುತ್ತಾರೆ. ಭಾದ್ರಪದದಲ್ಲಿ ಅವರ ಖರೀದಿ ಹಠಾತ್ತನೆ ಇಳಿಯುತ್ತದೆ. ಲೆಕ್ಕವಿಡುವವನಿಗೆ ಇಷ್ಟು ಸಾಲದೇ? ಕೊಂಡುದರಿಂದ ಅಮೆರಿಕದ ಗರ್ಭಿಣಿಯನ್ನು ಗುರುತಿಸಿದಂತೆ ಬಿಟ್ಟುದರಿಂದ ಜೈನನನ್ನು ಗುರುತಿಸಬಹುದು. ಭೋಗೋಪಭೋಗಗಳಿಗೆ ಮಿತಿ ಹಾಕಿಕೊಂಡು ಸೇವನೆಯನ್ನು ತಗ್ಗಿಸಿದೆವೆಂದು ನಾವು ತಿಳಿದಿರುವಾಗ, ಆ ಮಿತಿಯೇ ನಮ್ಮ ಹೆಗ್ಗುರುತಾಗಿ, ಪಾರಣೆಯ ದಿನಕ್ಕೆ ಸರಿಯಾಗಿ ಮಿಠಾಯಿಯ ಜಾಹೀರಾತನ್ನು ಮನೆಗೆ ಕರೆತರಬಲ್ಲದು. ಉಪವಾಸದಲ್ಲಿ ಮನಸ್ಸು ಎಷ್ಟು ಸುಲಭವಾಗಿ ಆಹಾರದತ್ತ ಹರಿಯುತ್ತದೆಂಬುದನ್ನು ಉಪವಾಸ ಮಾಡಿದವರು ಬಲ್ಲರು.

ಕೊನೆಯದಾಗಿ, ಹೇಳಲು ಸಂಕೋಚವಾಗುವ ಮಾತೊಂದಿದೆ. ಕಳೆದ ವರ್ಷ ನಮ್ಮ ಬಸದಿಯಲ್ಲಿ ನೋಂಪಿ ಹಿಡಿದವರ ಹೆಸರು, ವಯಸ್ಸು, ಉಪವಾಸಗಳ ಸಂಖ್ಯೆ, ದೂರವಾಣಿ ಸಂಖ್ಯೆ ಇವುಗಳನ್ನು ಎಂದಿನಂತೆ ಪುಸ್ತಕದಲ್ಲಿ ಬರೆದುಕೊಂಡೆವು. ಉದ್ಯಾಪನೆಗೆ ಮುನ್ನ ವ್ಯಾಪಾರಸ್ಥರೊಬ್ಬರು ಬಂದು, ಆ ಪುಸ್ತಕದ ಪ್ರತಿಯೊಂದನ್ನು ಕೊಟ್ಟರೆ ಪಾರಣೆಯ ಖರ್ಚೆಲ್ಲವನ್ನೂ ತಾವೇ ವಹಿಸುವುದಾಗಿ ವಿನಯದಿಂದಲೇ ಹೇಳಿದರು. ಸಮಿತಿಯಲ್ಲಿ ಭಿನ್ನಾಭಿಪ್ರಾಯವಾಯಿತು. ‘ಹೆಸರುಗಳನ್ನು ಆಹ್ವಾನಪತ್ರಿಕೆಯಲ್ಲಿ ನಾವೇ ಅಚ್ಚು ಹಾಕಿಸುತ್ತೇವಲ್ಲ, ಇನ್ನು ಗುಟ್ಟೇನು?’ ಎಂದು ಹಿರಿಯರೊಬ್ಬರು ಕೇಳಿದರು. ಅವರ ಮಾತಿನಲ್ಲಿ ಕೆಟ್ಟ ಬುದ್ಧಿಯಿರಲಿಲ್ಲ. ಸಮಿತಿಯ ಬಳಿ ಹಣವೂ ಇರಲಿಲ್ಲ. ಅತಿಕ್ರಮ, ವ್ಯತಿಕ್ರಮ, ಅತಿಚಾರ, ಅನಾಚಾರಗಳೆಂಬ ನಾಲ್ಕು ಮೆಟ್ಟಿಲುಗಳಲ್ಲಿ ನಾವು ಯಾವುದರ ಮೇಲೆ ನಿಂತಿದ್ದೆವೆಂದು ಆ ಸಂಜೆ ನನಗೆ ತಿಳಿಯಲಿಲ್ಲ. ಕೊಟ್ಟುಬಿಡೋಣವೆಂಬ ಯೋಚನೆ ನನ್ನ ಮನಸ್ಸಿನಲ್ಲೂ ಒಮ್ಮೆ ಸುಳಿದು ಹೋಗಿತ್ತು. ಅಷ್ಟರಲ್ಲಿ ಪಕ್ಕದಲ್ಲಿ ಕುಳಿತಿದ್ದ ವೃದ್ಧ ಶ್ರಾವಿಕೆಯೊಬ್ಬರು, ‘ನಾನು ನಂಬರು ಕೊಟ್ಟದ್ದು ತಲೆಸುತ್ತು ಬಂದರೆ ಮಗನಿಗೆ ತಿಳಿಸಲಿ ಎಂದು ತಾನೇ?’ ಎಂದರು. ಪುಸ್ತಕವನ್ನು ಕೊಡಲಿಲ್ಲ. ಈ ವರ್ಷ ದೂರವಾಣಿ ಸಂಖ್ಯೆಗಳನ್ನು ಬೇರೆ ಹಾಳೆಯಲ್ಲಿ ಬರೆದು, ಪಾರಣೆಯಾದ ಮರುದಿನ ಹರಿದುಹಾಕಿದ್ದೇವೆ.