ಕಾಯಬಲ್ಲ ಕಾಳು

ಕೃಷ್ಣೆಯ ದಂಡೆಗುಂಟ ಕಬ್ಬು. ದಂಡೆ ಬಿಟ್ಟು ಮೂಡಲಕ್ಕೆ ಸಾಗಿದರೆ ಬಿಳಿಜೋಳ. ಚಿಕ್ಕೋಡಿ, ರಾಯಬಾಗ, ಕಾಗವಾಡಗಳ ನೀರಾವರಿ ಹೊಲಕ್ಕೂ ಅಥಣಿ ತಾಲೂಕಿನ ತೆಲಸಂಗದ ಕಡೆಯ ಎರೆಹೊಲಕ್ಕೂ ನಡುವೆ ಇರುವುದು ಕೆಲವೇ ಹರದಾರಿ. ಕಬ್ಬು, ಜೋಳ ಎರಡೂ ಹುಲ್ಲಿನ ಕುಲದವು, ಹತ್ತಿರದ ಬಳಗ. ಒಂದೇ ಬಿಸಿಲು ಹಿಡಿದು, ಒಂದೇ ಗ್ಲೂಕೋಸು ಮಾಡಿಕೊಳ್ಳುತ್ತವೆ. ಉಳಿಸಿಡುವ ಬಗೆ ಮಾತ್ರ ಬೇರೆ. ಕಬ್ಬು ತನ್ನ ಗಳಿಕೆಯನ್ನು ಕಾಂಡದಲ್ಲಿ ಸಕ್ಕರೆಯಾಗಿ ಇಡುತ್ತದೆ, ಜೋಳ ಕಾಳಿನಲ್ಲಿ ಪಿಷ್ಟವಾಗಿ ಇಡುತ್ತದೆ. ಈ ಒಂದು ವ್ಯತ್ಯಾಸದ ಮೇಲೆ ನಮ್ಮ ಭಾಗದಲ್ಲಿ ಎರಡು ರೀತಿಯ ಬದುಕು ನಿಂತಿದೆ ಎಂದು ನನಗೆ ಬಹಳ ದಿನಗಳಿಂದ ಅನ್ನಿಸುತ್ತ ಬಂದಿದೆ.

ಸಕ್ಕರೆ ನೀರಿನಲ್ಲಿ ಕರಗುತ್ತದೆ, ಕರಗಿದ್ದು ಸುತ್ತಲಿನ ನೀರನ್ನು ತನ್ನ ಕಡೆ ಎಳೆಯುತ್ತದೆ. ಇರುವೆಯನ್ನೂ ಹುಳಿಯನ್ನೂ ಕರೆಯುತ್ತದೆ. ಸಾವಿರಾರು ಗ್ಲೂಕೋಸುಗಳನ್ನು ಸರಪಳಿಯಂತೆ ಕೊಂಡಿ ಹಾಕಿ, ಒತ್ತೊತ್ತಾಗಿ ಕಣ ಕಟ್ಟಿಬಿಟ್ಟರೆ ಅದು ತಣ್ಣೀರಿಗೆ ಕರಗದು, ನೀರನ್ನು ಎಳೆಯದು, ನಾಲಿಗೆಗೆ ಸಿಹಿಯನ್ನೂ ತೋರದು. ಅದೇ ಪಿಷ್ಟ. ಜೋಳದ ಕಾಳಿನ ತೂಕದಲ್ಲಿ ಹೆಚ್ಚುಕಡಿಮೆ ನೂರಕ್ಕೆ ಎಪ್ಪತ್ತು ಪಾಲು ಇದೇ ಇದೆ. ಗಿಡ ಇದನ್ನು ಕಟ್ಟಿದ್ದು ತನಗಾಗಿ ಅಲ್ಲ. ತಾನು ಒಣಗಿ ಹೋದ ಮೇಲೆ ಎಂದೋ ಒಂದು ಮಳೆಗೆ ಏಳಬೇಕಾದ ಮೊಳಕೆಯ ಬುತ್ತಿ ಅದು. ಸಿಹಿಯನ್ನು ಬಿಟ್ಟುಕೊಟ್ಟು ಅದು ಪಡೆದದ್ದು ಕಾಲವನ್ನು.

ಆ ಕಾಲ ಎಷ್ಟು ದೊಡ್ಡದೆಂಬುದು ನಮ್ಮ ಹಿರಿಯರಿಗೆ ಗೊತ್ತಿತ್ತು. ಅವರು ನೆಲದಲ್ಲಿ ಹಗೇವು ತೋಡಿ, ಒಳಮೈಗೆ ಹುಲ್ಲು, ಹೊಟ್ಟು ಒತ್ತಿ, ಜೋಳ ತುಂಬಿ, ಬಾಯಿಗೆ ಮಣ್ಣು ಮೆತ್ತುತ್ತಿದ್ದರು. ಒಳಗಿನ ಕಾಳು ಉಸಿರಾಡಿ ಇದ್ದಷ್ಟು ಆಮ್ಲಜನಕವನ್ನು ಮುಗಿಸುತ್ತಿತ್ತು; ಆಮೇಲೆ ಹುಳುವಿಗೆ ಅಲ್ಲಿ ಬದುಕಿಲ್ಲ. ಹಗೇವು ತೆರೆದ ದಿನ ಯಾರೂ ತಟ್ಟನೆ ಇಳಿಯುತ್ತಿರಲಿಲ್ಲ. ದೀಪ ಇಳಿಬಿಟ್ಟು, ಅದು ಆರದಿದ್ದರೆ ಮಾತ್ರ ಇಳಿಯುತ್ತಿದ್ದರು. ಹೀಗೆ ವರ್ಷಗಟ್ಟಲೆ ಜೋಳ ಉಳಿಯುತ್ತಿತ್ತು. 1876–78ರ ಬರ ಬೆಳಗಾವಿ, ಅಂದಿನ ಕಲಾದಗಿ ಜಿಲ್ಲೆಗಳನ್ನು ಹಿಂಡಿದಾಗ ಹಗೇವಿನಲ್ಲಿ ಕಾಳಿದ್ದ ಮನೆಗೂ ಇಲ್ಲದ ಮನೆಗೂ ಇದ್ದ ದೂರ ಬದುಕಿಗೂ ಸಾವಿಗೂ ಇರುವಷ್ಟೇ ದೂರ.

ಕಬ್ಬಿಗೆ ಈ ತಾಳ್ಮೆ ಇಲ್ಲ. ಕಡಿದ ಗಳಿಗೆಯಿಂದಲೇ ಅದರ ಸಕ್ಕರೆ ಒಡೆಯತೊಡಗುತ್ತದೆ, ತೂಕ ಇಳಿಯತೊಡಗುತ್ತದೆ. ಒಂದು ದಿನದೊಳಗೆ ನುರಿಸಿದರೆ ಒಳ್ಳೆಯದು. ಉಗಾರದ ಸಕ್ಕರೆ ಕಾರ್ಖಾನೆ 1939ರಲ್ಲಿ ಹುಟ್ಟಿದ ಮೇಲೆ ಈ ಸೀಮೆಯ ಗಡಿಯಾರವೇ ಬದಲಾಯಿತು. ಕಡಿಯುವ ಗ್ಯಾಂಗು ಬರಬೇಕು, ಟ್ರ್ಯಾಕ್ಟರು ಸಿಗಬೇಕು, ಗೇಟಿನಲ್ಲಿ ಸಾಲು ಸರಿಯಬೇಕು. 1966ರ ಕಬ್ಬು ನಿಯಂತ್ರಣ ಆದೇಶ 14 ದಿನದೊಳಗೆ ಹಣ ಕೊಡಬೇಕೆನ್ನುತ್ತದೆ. ಬಾಕಿಗಾಗಿ ರೈತರು ರಸ್ತೆಗಿಳಿಯುವುದು ಮಾತ್ರ ನಿಂತಿಲ್ಲ. ಜೋಳದವನು ದರ ಬಿದ್ದರೆ ಚೀಲ ಹೊಲಿದು ಮನೆಯಲ್ಲಿಟ್ಟಾನು. ಕಬ್ಬಿನವನು ಏನಿಟ್ಟಾನು? ಕಾಯುವ ಶಕ್ತಿ ಕಾಳಿನಲ್ಲಿದ್ದಾಗ ಅದು ಬೆಳೆದವನಿಗೂ ಬರುತ್ತದೆ. ರೈತನ ಸ್ವಾತಂತ್ರ್ಯದ ಮಾತಾಡುವಾಗ ನಾವು ಈ ಸಣ್ಣ ಕಣದ ಗುಣವನ್ನು ಲೆಕ್ಕಕ್ಕೆ ಹಿಡಿದೇ ಇಲ್ಲ.

ಇಷ್ಟು ಬಿಗಿಯಾಗಿ ಮುಚ್ಚಿಕೊಂಡ ಈ ಪಿಷ್ಟದ ಕಣ ತೆರೆಯುವುದು ಹೇಗೆ? ನೀರು ಮತ್ತು ಬೆಂಕಿ, ಎರಡೂ ಕೂಡಿದಾಗ. ನಿಪ್ಪಾಣಿಯಲ್ಲಿ ಭಾಕರಿ ಎನ್ನಲಿ, ಅಥಣಿಯಲ್ಲಿ ರೊಟ್ಟಿ ಎನ್ನಲಿ, ಒಲೆಯ ಮುಂದಿನ ವಿದ್ಯೆ ಒಂದೇ. “ಎಸರ ಕುದಿಯೂತನಕಾ ಹಿಟ್ಟ ಹಾಕಬ್ಯಾಡವಾ” ಎಂದು ಅತ್ತೆ ಸೊಸೆಗೆ ಹೇಳುವುದರಲ್ಲಿ ಇಡೀ ಶಾಸ್ತ್ರ ಅಡಗಿದೆ. ಜೋಳದಲ್ಲಿ ಗೋಧಿಯಂತೆ ಎಳೆ ಹಿಡಿಯುವ ಗ್ಲುಟೆನ್ ಇಲ್ಲ. ಹಿಟ್ಟಿಗೆ ಜಿಗಿ ಬರಬೇಕಾದರೆ ಪಿಷ್ಟವೇ ಬರಿಸಬೇಕು. ಸುಮಾರು 70 ಡಿಗ್ರಿ ಸೆಲ್ಸಿಯಸ್ ದಾಟಿದ ನೀರು ತಾಗಿದಾಗ ಕಣಗಳು ನೀರು ಕುಡಿದು ಉಬ್ಬಿ, ಒಡೆದು, ಅಂಟಾಗುತ್ತವೆ. ಹಿಟ್ಟೆಲ್ಲ ಬೆಂದರೆ ಮುದ್ದೆಯಾದೀತು, ಏನೂ ಬೇಯದಿದ್ದರೆ ಬಡಿಯುವಾಗ ಹರಿದೀತು. ಬೇಕಾದಷ್ಟನ್ನೇ ಬೇಯಿಸಿ, ಉಳಿದದ್ದನ್ನು ಅದಕ್ಕೆ ಅಂಟಿಸಿ ನಾದುವುದು ಕೈಯ ಲೆಕ್ಕ. ಹಂಚಿಗೆ ಹಾಕಿದ ಮೇಲೆ ಮೇಲ್ಮೈಗೆ ನೀರು ಹಚ್ಚುವುದೂ ಇದಕ್ಕೇ: ಮೇಲಂಟಿದ ಹಿಟ್ಟಿನ ಕಣಕ್ಕೆ ಒಣಗುವ ಮೊದಲು ಬೇಯಲು ಅವಕಾಶ ಸಿಗುತ್ತದೆ. ರಾಯಬಾಗದ ಕಡೆ ಅರಿಶಿನದ ಕೊಂಬು ಕುದಿಸಿ ಒಣಗಿಸುವಲ್ಲಿಯೂ ಒಳಗಿನ ಪಿಷ್ಟ ಬೆಂದು ಕೊಂಬು ಬೇಗ, ಒಂದೇ ಸಮ ಒಣಗುತ್ತದೆ.

ಬಾಯಿಗೆ ಹೋದ ಮೇಲೂ ರೊಟ್ಟಿ ಅವಸರ ಮಾಡುವುದಿಲ್ಲ. ಬರೀ ರೊಟ್ಟಿಯ ತುತ್ತನ್ನು ನುಂಗದೆ ಅಗಿಯುತ್ತ ಹೋದರೆ ಸಿಹಿ ತೋರುತ್ತದೆ. ಜೊಲ್ಲಿನಲ್ಲಿರುವ ಅಮೈಲೇಸ್ ಎಂಬ ಕಿಣ್ವ ಪಿಷ್ಟದ ಕೊಂಡಿಗಳನ್ನು ಬಿಡಿಸತೊಡಗಿರುತ್ತದೆ. ಗಿಡ ಬಚ್ಚಿಟ್ಟ ಸಿಹಿ ಅದು, ಅಗಿದವರಿಗೇ ಸಿಗುವಂಥದ್ದು. 

ಇದಕ್ಕಿಂತ ಹೆಚ್ಚು ನನ್ನನ್ನು ತಡೆದು ನಿಲ್ಲಿಸುವ ಸಂಗತಿ ಇನ್ನೊಂದಿದೆ. ಜೋಳದ ಕಣಿಕೆಯಲ್ಲಿರುವ ನಾರು, ಅಂದರೆ ಸೆಲ್ಯುಲೋಸ್ ಕೂಡ ಅದೇ ಗ್ಲೂಕೋಸಿನಿಂದ ಆದದ್ದು. ಕೊಂಡಿ ಕೂಡುವ ದಿಕ್ಕು ಮಾತ್ರ ಬೇರೆ. ಒಂದು ಬಗೆಯಲ್ಲಿ ಕೂಡಿದರೆ ಮನುಷ್ಯನ ಅನ್ನ. ಇನ್ನೊಂದು ಬಗೆಯಲ್ಲಿ ಕೂಡಿದರೆ ನಮ್ಮ ಹೊಟ್ಟೆಗೆ ಅದು ಏನೂ ಅಲ್ಲ, ಎತ್ತಿನ ಹೊಟ್ಟೆಯ ಸೂಕ್ಷ್ಮಜೀವಿಗಳಿಗೆ ಮಾತ್ರ ಅದು ಅನ್ನ. ಉತ್ತವನಿಗೆ ತೆನೆ, ಎಳೆದವನಿಗೆ ಕಣಿಕೆ. ಒಂದೇ ದಂಟಿನಲ್ಲಿ ಇಬ್ಬರ ಪಾಲು. ಎಳ್ಳಮಾವಾಸ್ಯೆಗೆ ಹೊಲದಲ್ಲಿ ಚರಗ ಚೆಲ್ಲಿ ಭೂಮಿಗೆ ಮೂರನೆಯ ಪಾಲು ಕೊಡುವ ನಮ್ಮ ಜನ ರಸಾಯನಶಾಸ್ತ್ರ ಓದದೆಯೇ ಈ ಹಂಚಿಕೆಯನ್ನು ಅರಿತಿದ್ದರು.

ನಾರಿನಿಂದ ಪಿಷ್ಟವನ್ನು ಬೇರ್ಪಡಿಸುವುದೂ ನಮ್ಮ ಮನೆಗಳಿಗೆ ಗೊತ್ತು. ಬೇಸಿಗೆಯಲ್ಲಿ ಕುರಡಗಿ ಸಂಡಿಗೆ ಮಾಡುವ ಮನೆಯಲ್ಲಿ ಗೋಧಿಯನ್ನು ಮೂರು ದಿನ ನೆನೆಸಿ, ದಿನವೂ ನೀರು ಬದಲಿಸಿ, ರುಬ್ಬಿ, ಹಿಂಡಿ, ಸಿಪ್ಪೆ ತೆಗೆದು, ಹಾಲು ತಳ ಕೂಡಲು ಬಿಡುತ್ತಾರೆ. ತಳದಲ್ಲಿ ಕೂತ ಬೆಳ್ಳಗಿನದು ಪಿಷ್ಟ. ಗೋಕಾಕದಲ್ಲಿ ರಿದ್ಧಿ ಸಿದ್ಧಿ ಎಂಬ ಹೆಸರಿನಲ್ಲಿ ನಡೆದು, ಮುಂದೆ ಫ್ರಾನ್ಸಿನ ರೊಕೆಟ್ ಕಂಪನಿಗೆ ಸೇರಿದ ಕಾರ್ಖಾನೆಯಲ್ಲಿ ಗೋವಿನಜೋಳಕ್ಕೆ ಆಗುವುದೂ ಮೂಲದಲ್ಲಿ ಇದೇ: ನೆನೆಸು, ಅರೆ, ನಾರು ಬೇರ್ಪಡಿಸು, ಪಿಷ್ಟ ತೆಗೆ. ಅಲ್ಲಿಂದ ಮುಂದೆ ದಾರಿ ಕವಲೊಡೆಯುತ್ತದೆ. ಇಂಥ ಪಿಷ್ಟವೇ ಗುಳಿಗೆಯೊಳಗೆ ಸೇರಿ, ಹೊಟ್ಟೆಯ ನೀರಿಗೆ ಉಬ್ಬಿ, ಗುಳಿಗೆಯನ್ನು ಒಡೆದು ಮದ್ದನ್ನು ಹೊರಬಿಡುತ್ತದೆ. ಇಚಲಕರಂಜಿಯಂಥ ಮಗ್ಗದ ಊರುಗಳಲ್ಲಿ ಗಂಜಿಯಾಗಿ ಹಾಸಿನ ನೂಲಿಗೆ ಕಸುವು ಕೊಟ್ಟು, ನೇಯ್ಗೆ ಮುಗಿದ ಮೇಲೆ ತೊಳೆದು ಹೋಗುತ್ತದೆ. ತೊಳೆದ ನೀರು ಶುದ್ಧಿಯಾಗದೆ ಹೊಳೆ ಸೇರಿದರೆ ಪಿಷ್ಟವನ್ನು ತಿನ್ನುವ ಜೀವಾಣುಗಳು ನೀರಿನ ಆಮ್ಲಜನಕವನ್ನೇ ಹೀರುತ್ತವೆ. ಇಚಲಕರಂಜಿಯ ಪಂಚಗಂಗೆ ನರಸೋಬವಾಡಿಯಲ್ಲಿ ಕೃಷ್ಣೆಗೆ ಕೂಡುತ್ತಾಳೆ, ಆ ಕೃಷ್ಣೆ ಬರುವುದು ನಮ್ಮ ಊರುಗಳಿಗೇ.

ಕಾರ್ಖಾನೆಗಳಲ್ಲಿ ತೆಗೆದ ಪಿಷ್ಟದ ದೊಡ್ಡ ಪಾಲನ್ನು ಇಂದು ಜಗತ್ತು ಮತ್ತೆ ಒಡೆದು ಗ್ಲೂಕೋಸಿನ ಪಾಕ ಮಾಡಿಕೊಳ್ಳುತ್ತದೆ. ಬೀಜ ಮೊಳೆಯುವಾಗ ತಾನೂ ಇದನ್ನೇ ಮಾಡುತ್ತದೆ; ಮಳೆ ಬಂದಾಗ, ಬೇರಿಗೆ ಬೇಕಾದಷ್ಟೇ. ನಾವು ವರ್ಷದ ಎಲ್ಲ ದಿನವೂ, ಬೇಕಾದುದಕ್ಕಿಂತ ಹೆಚ್ಚು ಒಡೆಯುತ್ತೇವೆ. ಗಿಡ ಕಾಲಕ್ಕಾಗಿ ಬಿಟ್ಟುಕೊಟ್ಟ ಸಿಹಿಯನ್ನು ನಾವು ಕಾಲವನ್ನು ಬಿಟ್ಟುಕೊಟ್ಟು ಮರಳಿ ಪಡೆಯುತ್ತಿದ್ದೇವೆ. ಕಾಯುವ ಕಾಳನ್ನು ಬಿಟ್ಟು ಕಬ್ಬು ಹಿಡಿದ ಕೃಷ್ಣೆಯ ಬಯಲಿಗೂ ಇದೇ ಆಗಿದೆ ಎಂಬುದು ನನ್ನ ತೀರ್ಮಾನ.

ಕಬ್ಬು ಬಿಡಿ ಎಂದು ಯಾರಿಗೂ ಹೇಳಲಾರೆ. ಮಕ್ಕಳ ಶಾಲೆ, ಮನೆಯ ಗಚ್ಚು, ಮಗಳ ಮದುವೆ ಅದರಿಂದಲೇ ಆಗಿವೆ. ಆದರೆ ಸತತ ನೀರುಂಡು ಸವಳು ಹಿಡಿದ ಹೊಲಗಳು ನಮ್ಮ ಕಣ್ಣ ಮುಂದೆಯೇ ಇವೆ, ನದಿದಂಡೆಯ ಮನೆಗಳು ಜೋಳವನ್ನು ಪೇಟೆಯಿಂದ ತರುತ್ತಿವೆ. ನೀರಾವರಿ ಇರುವ ರೈತ ಬಂಧುಗಳೇ, ಹಿಂಗಾರಿಗೆ ಒಂದು ಎಕರೆಯನ್ನಾದರೂ ಮಾಲದಂಡಿ ಜೋಳಕ್ಕೆ ಬಿಡಿ. ವರ್ಷದ ರೊಟ್ಟಿ ಮನೆಯದಾಗುತ್ತದೆ, ಕಣಿಕೆ ದನಕ್ಕಾಗುತ್ತದೆ. ಕಾರ್ಖಾನೆಯ ಹಣ ತಡವಾದ ವರ್ಷವೂ ಮನೆಯಲ್ಲಿ ಹಿಟ್ಟಿರುತ್ತದೆ.