ರಕ್ತದ ಜಂಟಿ ಖಾತೆ

ಕೆಂಕೆರೆಯ ನಮ್ಮ ಅಜ್ಜಿ ಮನೆ ತೋಟ ಇನ್ನೂ ಜಂಟಿ ಖಾತೆಯಲ್ಲಿದೆ. ಒಂದು ಗುಂಟೆ ಮಾರಬೇಕಂದ್ರೂ ಎಲ್ಲರ ಸಹಿ ಬೇಕು. ನನಗೆ ಗಂಡು ನೋಡೋಕೆ ಶುರು ಮಾಡಿದಾಗ, ನಮ್ಮಲ್ಲಿ ಜಂಟಿ ಖಾತೆಯಲ್ಲಿರೋದು ತೋಟ ಒಂದೇ ಅಲ್ಲ ಅಂತ ಗೊತ್ತಾಯ್ತು.

ನನ್ನ ಸೋದರಮಾವನಿಗೆ ಹಿಮೋಫಿಲಿಯಾ. ರಕ್ತ ಹೆಪ್ಪುಗಟ್ಟಲು ಬೇಕಾದ ಫ್ಯಾಕ್ಟರ್ 8 ಅನ್ನೋ ಪ್ರೋಟೀನು ಅವರ ಮೈಯಲ್ಲಿ ಸರಿಯಾಗಿ ತಯಾರಾಗಲ್ಲ. ಮಂಡಿಯೊಳಗೆ ಮತ್ತೆ ಮತ್ತೆ ರಕ್ತ ಸೋರಿ ಕೀಲುಗಳು ಹಾಳಾಗಿವೆ. ಕಾಯಿ ಕೆಡವೋ ದಿನ ಜಗಲಿ ಮೇಲೆ ಕೂತು ಲೆಕ್ಕ ಬರೀತಾರೆ. ಗಂಡಿನ ಕಡೆಯವರು ಬಂದ ದಿನ ಮಾತ್ರ ಅವರನ್ನ ಪಕ್ಕದ ಮನೆಗೆ ಕಳಿಸ್ತಿದ್ರು.

ಅಜ್ಜಿಯ ತಮ್ಮನೂ ಚಿಕ್ಕವನಿದ್ದಾಗ ಬಿದ್ದು, ರಕ್ತ ನಿಲ್ಲದೆ ತೀರಿಕೊಂಡನಂತೆ. ‘ನಿನ್ನ ತವರಿನ ದೋಷ’ ಅನ್ನೋ ಮಾತನ್ನ ಅಜ್ಜಿ ಜೀವಮಾನವಿಡೀ ಕೇಳಿದ್ದಾಳೆ.

ವಿಜ್ಞಾನ ದೋಷದ ಮಾತಾಡಲ್ಲ, ಲೆಕ್ಕ ಹೇಳುತ್ತೆ. ಈ ಪ್ರೋಟೀನಿನ ಜೀನ್ ಇರೋದು ಎಕ್ಸ್ ಕ್ರೋಮೋಸೋಮಿನಲ್ಲಿ. ಗಂಡಿಗೆ ಎಕ್ಸ್ ಒಂದೇ; ಅದರಲ್ಲಿ ಜೀನ್ ಕೆಟ್ಟಿದ್ದರೆ ಕಾಯಿಲೆ. ಹೆಣ್ಣಿಗೆ ಎರಡು, ಒಂದು ಕೆಟ್ಟರೂ ಇನ್ನೊಂದು ಸಾಮಾನ್ಯವಾಗಿ ಸಂಭಾಳಿಸುತ್ತೆ. ಅವಳು ಕ್ಯಾರಿಯರ್. ಅವಳಿಗೆ ಹುಟ್ಟೋ ಪ್ರತಿ ಮಗನಿಗೂ ಕಾಯಿಲೆ ಬರೋ ಸಾಧ್ಯತೆ ಅರ್ಧ, ಪ್ರತಿ ಮಗಳೂ ಕ್ಯಾರಿಯರ್ ಆಗೋ ಸಾಧ್ಯತೆ ಅರ್ಧ. ತಮ್ಮನಿಗೂ ಮಗನಿಗೂ ಇದ್ದದ್ದರಿಂದ ಅಜ್ಜಿಯದು ಖಚಿತ. ಅಮ್ಮನದು ಅರ್ಧ, ನನ್ನದು ಕಾಲು. ಇನ್ನೊಂದು ವಿಷಯ: ಸುಮಾರು ಮೂರರಲ್ಲಿ ಒಂದು ಪ್ರಕರಣದಲ್ಲಿ ಮನೆತನದಲ್ಲಿ ಹಿಂದೆ ಯಾರಿಗೂ ಇರಲ್ಲ, ಜೀನ್ ಹೊಸದಾಗಿ ಕೆಟ್ಟಿರುತ್ತೆ. ಆಗ ದೋಷ ಯಾರ ತವರಿನದು?

‘ಟೆಸ್ಟ್ ಮಾಡಿಸ್ತೀನಿ, ಹುಡುಗನಿಗೂ ಹೇಳ್ತೀನಿ’ ಅಂದೆ.

‘ಬೇಡ ಕಣೇ. ನಿಂದು ಹೇಳಿದ್ರೆ ನಿನ್ನ ತಂಗೀದೂ ಹೇಳಿದಂಗೆ’ ಅಂದಳು ಅಮ್ಮ.

ಸಿಟ್ಟು ಬಂತು. ನನ್ನ ರಕ್ತ, ನನ್ನ ರಿಪೋರ್ಟು! ಆದರೆ ಅಮ್ಮನ ಮಾತು ಸುಳ್ಳಲ್ಲ. ನಾನು ಕ್ಯಾರಿಯರ್ ಅಂತ ಬಂದರೆ ಅಮ್ಮನೂ ಕ್ಯಾರಿಯರ್ ಅನ್ನೋದು ಆಗಲೇ ತೀರ್ಮಾನ. ತಂಗಿಯದು ಕಾಲಿನಿಂದ ಅರ್ಧಕ್ಕೆ ಏರುತ್ತೆ. ಅವಳು ಕೇಳದೇ ಇದ್ದ ಪ್ರಶ್ನೆಗೆ ನಾನು ಉತ್ತರ ತಂದುಕೊಟ್ಟಂತೆ.

ಹಾಗಂತ ಮುಚ್ಚಿಡೋದಾ? ತೋಟದ ದಾರಿಯಲ್ಲಿ ಕಟ್ಟೆ ಇಲ್ಲದ ಬಾವಿ ಇದ್ದರೆ, ಅದು ಎಷ್ಟು ಜನರ ಖಾತೆಯಲ್ಲಿದ್ದರೂ, ಕತ್ತಲಲ್ಲಿ ಬರೋರಿಗೆ ಹೇಳೋಕೆ ಯಾರ ಸಹಿಯೂ ಬೇಕಿಲ್ಲ. ನಾಳೆ ಹುಟ್ಟೋ ಮಗುವಿಗೆ ಮೊದಲ ದಿನದಿಂದಲೇ ಎಚ್ಚರ ಬೇಕು. ಕೆಲವು ಕ್ಯಾರಿಯರ್‌ಗಳಿಗೆ ಹೆರಿಗೆಯಲ್ಲಿ ರಕ್ತ ಹೆಚ್ಚು ಹೋಗುತ್ತೆ, ಅದಕ್ಕೂ ಬೇಕು. ಸಹಿ ಬೇಡ ಸರಿ. ಆದರೆ ಪಾಲುದಾರರಿಗೆ ಮೊದಲು ತಿಳಿಸಬೇಕು. ಇಷ್ಟೇ ನನಗೆ ಹೊಳೆದ ನ್ಯಾಯ.

ತಂಗಿಗೆ ಹೇಳಿದೆ. ‘ನೀನು ಮಾಡಿಸ್ಕೋ ಅಕ್ಕ. ನಂಗೆ ಸದ್ಯಕ್ಕೆ ರಿಸಲ್ಟ್ ಹೇಳ್ಬೇಡ’ ಅಂದಳು. ತಿಳಿದುಕೊಳ್ಳೋದು ನನ್ನ ಹಕ್ಕಾದರೆ, ತಿಳಿಯದೇ ಇರೋದು ಅವಳದು.

ಮಾವ ಎಲ್ಲಾ ಕೇಳಿಸಿಕೊಂಡಿದ್ದರು. ಹಿಮೋಫಿಲಿಯಾ ಇದ್ದೂ ಡಾಕ್ಟರಾಗಿ, ದಾವಣಗೆರೆಯಲ್ಲಿ ಕರ್ನಾಟಕ ಹಿಮೋಫಿಲಿಯಾ ಸೊಸೈಟಿ ಕಟ್ಟಿದ ಸುರೇಶ್ ಹನಗವಾಡಿಯವರ ಬಗ್ಗೆ ಆಗಾಗ ಹೇಳ್ತಿದ್ದವರು ಅವರು. ಅವತ್ತು ಕೇಳಿದ್ದು ಒಂದೇ ಮಾತು: ‘ಮುಚ್ಚಿಡೋಕೆ ನಾನೇನು ಕಳ್ಳಮಾಲಾ?’

ಯಾರೂ ಉತ್ತರ ಕೊಡಲಿಲ್ಲ. ಮುಂದಿನ ಸಲ ಗಂಡಿನವರು ಬಂದಾಗ ಮಾವ ನಡುಮನೆಯಲ್ಲೇ ಕೂತಿದ್ದರು. ಕಾಫಿ ಲೋಟ ಮೊದಲು ಅವರ ಕೈಗೇ ಕೊಟ್ಟೆ.

ಟೆಸ್ಟ್ ಆಗಿದೆ. ರಿಸಲ್ಟ್ ಏನು ಅಂತ ಇಲ್ಲಿ ಬರೆಯಲ್ಲ. ತಂಗಿ ಓದ್ತಾಳೆ.