ಎರಡನೇ ಕ್ಯಾಸೆಟ್

ನಾಸಿಕ್‌ನಿಂದ ಛತ್ರಪತಿ ಸಂಭಾಜಿನಗರಕ್ಕೆ ಕಾರಿನಲ್ಲಿ ನಾಲ್ಕು ಗಂಟೆಯ ದಾರಿ. ನಾಸಿಕ್‌ನ ಅಂಬಡ್‌ನಲ್ಲಿ ನನ್ನ ಕೆಲಸ, ವಾಳುಜ್‌ನಲ್ಲಿ ನಮ್ಮ ಇನ್ನೊಂದು ಘಟಕ. ಹಾಗಾಗಿ ತಿಂಗಳಿಗೆರಡು ಸಲವಾದರೂ ನಿಫಾಡ್, ಯೇವಲಾ, ವೈಜಾಪುರ ದಾಟಿಕೊಂಡು ಹೋಗಿಬರುತ್ತೇನೆ. ದ್ರಾಕ್ಷಿ ತೋಟಗಳು ಮುಗಿದು ಒಣ ಬಯಲು ಶುರುವಾಗುವ ಹೊತ್ತಿಗೆ ಹಾಡು ಹಾಕಿಕೊಳ್ಳುವುದು ಹಳೆಯ ರೂಢಿ. ಕಳೆದ ಜೂನ್‌ನಲ್ಲಿ ಅಂಥದೇ ಒಂದು ಬೆಳಿಗ್ಗೆ ದಾವಣಗೆರೆಯಿಂದ ಗೆಳೆಯನ ಫೋನು ಬಂತು. ಇಪ್ಪತ್ತೇಳು ವರ್ಷದಿಂದ ಅವನು ಮಾತು ಶುರುಮಾಡುವುದೇ ಒಂದು ಪ್ರಶ್ನೆಯಿಂದ: "ಏನಪ್ಪಾ, ಎರಡನೇ ಕ್ಯಾಸೆಟ್ ಯಾವಾಗ?"

ಮೊದಲನೆಯದು 1998ರದ್ದು. ದಾವಣಗೆರೆಯಲ್ಲಿ ಎಂಜಿನಿಯರಿಂಗ್ ಓದುವಾಗ ನಾವು ನಾಲ್ವರು ಸೇರಿ ಬ್ಯಾಂಡ್ ಕಟ್ಟಿದ್ದೆವು. ಎರಡು ಗಿಟಾರ್, ಒಂದು ಬೇಸ್, ಒಂದು ಸೆಕೆಂಡ್ ಹ್ಯಾಂಡ್ ಡ್ರಮ್ ಸೆಟ್. ಐರನ್ ಮೇಡನ್ ಹಾಡುಗಳನ್ನು ಕದ್ದು ಬಾರಿಸುತ್ತಾ ಬಾರಿಸುತ್ತಾ ನಮ್ಮದೇ ಆರು ಕನ್ನಡ ಹಾಡು ಹುಟ್ಟಿದವು. ಹುಬ್ಬಳ್ಳಿಯ ಒಂದು ಸಣ್ಣ ಸ್ಟುಡಿಯೋದಲ್ಲಿ ಒಂದೇ ದಿನಕ್ಕೆ ಆಗುವಷ್ಟು ದುಡ್ಡಿತ್ತು. ಒಂದೇ ದಿನದಲ್ಲಿ ಆರೂ ಹಾಡು ಮುಗಿಸಿದೆವು. ಇನ್ನೂರು ಕ್ಯಾಸೆಟ್ ಮಾಡಿಸಿ, ನೂರ ಮೂವತ್ತು ಮಾರಿ, ಉಳಿದದ್ದನ್ನು ನೆಂಟರಿಗೆ ಹಂಚಿದೆವು. ಮೂರನೇ ಹಾಡಿನಲ್ಲಿ ನನ್ನ ಗಿಟಾರಿನ ತಂತಿ ಶ್ರುತಿ ತಪ್ಪಿದೆ. ಅವತ್ತು ನಾಲ್ವರಲ್ಲಿ ಒಬ್ಬರಿಗೂ ಅದು ಕೇಳಿಸಿರಲಿಲ್ಲ.

ಒಂದೇ ದಿನದಲ್ಲಿ ಮುಗಿಸುವುದು ನಮ್ಮಂಥ ಬಡಪಾಯಿಗಳ ಪಾಡು ಮಾತ್ರ ಅಲ್ಲ. ಬೀಟಲ್ಸ್ ತಮ್ಮ ಮೊದಲ ಆಲ್ಬಮ್ಮಿನ ಬಹುಪಾಲು ಹಾಡುಗಳನ್ನು 1963ರ ಫೆಬ್ರವರಿ 11ರಂದು, ಒಂದೇ ದಿನ ಕೂತು ರೆಕಾರ್ಡ್ ಮಾಡಿದರು. ರೋಲಿಂಗ್ ಸ್ಟೋನ್ಸ್ 1964ರಿಂದ 1969ರವರೆಗೆ, ಆರು ವರ್ಷದಲ್ಲಿ, ಇಂಗ್ಲೆಂಡಿನಲ್ಲಿ ಎಂಟು ಆಲ್ಬಂ ತಂದರು. ಅದೇ ತಂಡ 2005ರಲ್ಲಿ ಸ್ವಂತ ಹಾಡುಗಳ ಒಂದು ಆಲ್ಬಂ ತಂದ ಮೇಲೆ ಅಂಥ ಮುಂದಿನದನ್ನು ತಂದದ್ದು 2023ರಲ್ಲಿ. ನಡುವೆ ಬಂದದ್ದು ಹಳೆಯ ಬ್ಲೂಸ್ ಹಾಡುಗಳನ್ನು ಮತ್ತೆ ಹಾಡಿದ ಒಂದೇ ಆಲ್ಬಂ. ಐರನ್ ಮೇಡನ್ 1980ರಿಂದ 1984ರವರೆಗೆ ವರ್ಷಕ್ಕೊಂದರಂತೆ ಐದು ಕೊಟ್ಟಿತು. 2015ರ ನಂತರದ್ದು ಬಂದದ್ದು 2021ರಲ್ಲಿ. ವಯಸ್ಸಾದಂತೆ ಹಾಡಿನಿಂದ ಹಾಡಿಗೆ ದಾರಿ ಯಾಕೆ ಇಷ್ಟು ದೂರವಾಗುತ್ತದೆ?

ಸುಲಭದ ಉತ್ತರಗಳನ್ನು ಮೊದಲು ಹೇಳಿಬಿಡುತ್ತೇನೆ. ಹರೆಯದ ತಂಡಕ್ಕೆ ಕಂಪನಿಯ ಕರಾರು ಇರುತ್ತಿತ್ತು: ವರ್ಷಕ್ಕಿಷ್ಟು ಹಾಡು ಕೊಡಲೇಬೇಕು. ಹೆಸರು ಬಂದ ಮೇಲೆ ಆ ಚಾಟಿ ಇಲ್ಲ. ಈಗಂತೂ ಆಲ್ಬಂ ಮಾರಿ ಹೊಟ್ಟೆ ತುಂಬುವುದಿಲ್ಲ. ದುಡ್ಡು ಇರುವುದು ವೇದಿಕೆಯ ಮೇಲೆ. ವೇದಿಕೆಯ ಕೆಳಗೆ ನಿಂತವರು ಕೇಳುವುದು ಹಳೆಯ ಹಾಡನ್ನೇ. ಹೊಸ ಹಾಡು ಶುರುವಾದ ಕೂಡಲೇ ನಾವು ನೀರು ಕುಡಿಯಲು ಹೋಗುತ್ತೇವೆ. 2007ರ ಮಾರ್ಚ್‌ನಲ್ಲಿ ಬೆಂಗಳೂರಿನ ಅರಮನೆ ಮೈದಾನಕ್ಕೆ ಮೇಡನ್ ಬಂದಾಗ ನಾನೂ ನನ್ನ ಡ್ರಮ್ಮರ್ ಗೆಳೆಯನೂ ಹೋಗಿದ್ದೆವು. ಹಿಂದಿನ ವರ್ಷವಷ್ಟೇ ಬಂದಿದ್ದ ಆಲ್ಬಮ್ಮಿನ ಹಾಡುಗಳಿಗೆ ಸುಮ್ಮನೆ ನಿಂತಿದ್ದು, ಹಳೆಯವಕ್ಕೆ ಗಂಟಲು ಹರಿಯುವಂತೆ ಕೂಗಿದೆವು. ಆಮೇಲೆ ಬಸ್ ಸ್ಟ್ಯಾಂಡಿನಲ್ಲಿ ಟೀ ಕುಡಿಯುತ್ತಾ, ಅಯ್ಯೋ ಇವರು ಹೊಸದು ಮಾಡುವುದೇ ಕಡಿಮೆಯಾಯಿತಲ್ಲ ಅಂತ ಮರುಗಿದೆವು!

ಬರೀ ವಯಸ್ಸಿನ ಮೇಲೆ ತಪ್ಪು ಹೊರಿಸುವುದೂ ಸರಿಯಲ್ಲ. ಎಸ್.ಎಲ್. ಭೈರಪ್ಪನವರ 'ಆವರಣ' 2007, 'ಕವಲು' 2010, 'ಯಾನ' 2014, 'ಉತ್ತರಕಾಂಡ' 2017. ಕೊನೆಯದು ಬಂದಾಗ ಅವರಿಗೆ 85. ಅನಂತಮೂರ್ತಿಯವರದು ಬೇರೆ ನಡಿಗೆ: 'ಸಂಸ್ಕಾರ' 1965, 'ಭಾರತೀಪುರ' 1973, 'ಅವಸ್ಥೆ' 1978, ಆಮೇಲೆ 'ಭವ' 1994. ನಮ್ಮ ಉಪೇಂದ್ರ 1999ರ 'ಉಪೇಂದ್ರ' ಆದ ಮೇಲೆ ನಿರ್ದೇಶಕನ ಕುರ್ಚಿಗೆ ಮರಳಿದ್ದು 2010ರಲ್ಲಿ. ಆದರೆ ಕಾದಂಬರಿಕಾರನಿಗೆ ಬೇಕಾದದ್ದು ಒಂದು ಮೇಜು, ಒಬ್ಬನ ಬೆಳಿಗ್ಗೆ. ಬ್ಯಾಂಡಿಗೆ ನಾಲ್ವರ ಬೆಳಿಗ್ಗೆ ಒಟ್ಟಿಗೆ ಬೇಕು. ಇಪ್ಪತ್ತರಲ್ಲಿ ನಾಲ್ವರಿಗೂ ಹಾಸ್ಟೆಲಿನ ಒಂದೇ ಕೋಣೆ. ನಲವತ್ತೈದರಲ್ಲಿ ಒಬ್ಬನ ಮಗಳಿಗೆ ಬೋರ್ಡ್ ಪರೀಕ್ಷೆ, ಇನ್ನೊಬ್ಬನ ಅಪ್ಪನಿಗೆ ಡಯಾಲಿಸಿಸ್, ಮತ್ತೊಬ್ಬನಿಗೆ ಮಸ್ಕತ್ತಿನಲ್ಲಿ ಕೆಲಸ.

ಕೆಲವೊಮ್ಮೆ ಒಬ್ಬರು ಇರುವುದೇ ಇಲ್ಲ. ದೆಹಲಿಯ ಇಂಡಿಯನ್ ಓಷನ್ ತಂಡದ ಅಶೀಮ್ ಚಕ್ರವರ್ತಿ 2009ರ ಡಿಸೆಂಬರ್‌ನಲ್ಲಿ ತೀರಿಕೊಂಡರು. ಅವರ ದನಿಯಿದ್ದ ಹಾಡುಗಳು ಆಲ್ಬಮ್ಮಾಗಿ ಹೊರಬಂದದ್ದು ಅವರು ಹೋದ ಮೇಲೆ. 2014ರ 'ತಂದಾನು' ಆದ ಮೇಲೆ ಆ ತಂಡ ಮುಂದಿನದಕ್ಕೆ ಒಂಬತ್ತು ವರ್ಷ ತೆಗೆದುಕೊಂಡಿತು.

ನಾನಿರುವ ಈ ನಾಸಿಕ್‌ನಲ್ಲೇ ಹುಟ್ಟಿ, ಮೈಸೂರಿನಲ್ಲಿ ಬೆಳೆದವರು ರಘು ದೀಕ್ಷಿತ್. ಶಿಶುನಾಳ ಶರೀಫರ ಪದಕ್ಕೆ ಗಿಟಾರ್ ಕಟ್ಟಿದ ಅವರ ಮೊದಲ ಆಲ್ಬಂ 2008ರಲ್ಲಿ ಬಂದಾಗ ಇಲ್ಲಿನ ಕನ್ನಡಿಗರ ನಾಲ್ಕಾರು ಮನೆಗಳಲ್ಲಿ ಅದು ದಿನಕ್ಕೆ ಮೂರು ಹೊತ್ತು ಕೇಳುತ್ತಿತ್ತು. ಎರಡನೆಯದು 'ಜಗ್ ಚಂಗಾ' 2013ರಲ್ಲಿ. ಮೂರನೆಯದು ಬರುವಷ್ಟರಲ್ಲಿ ಮತ್ತೂ ಹೆಚ್ಚು ವರ್ಷ ಉರುಳಿದ್ದವು. ಹಾಗಂತ ಅವರೇನು ಸುಮ್ಮನಿರಲಿಲ್ಲ. ಸಿನಿಮಾ ಸಂಗೀತ ಇತ್ತು, ದೇಶದೇಶ ಸುತ್ತಿ ಹಾಡುವುದಿತ್ತು. ಹೊರಗೆ ಕೂತು ಎಣಿಸುವ ನಮಗೆ ಕಾಣುವುದು ಆಲ್ಬಂ ಬಂದ ಇಸವಿಗಳು ಮಾತ್ರ. ನಡುವಿನ ವರ್ಷಗಳಲ್ಲಿ ಏನು ನಡೆಯಿತು ಎನ್ನುವುದು ಅದನ್ನು ಬಾಳಿದವರಿಗೇ ಗೊತ್ತು.

ಆ ನಡುವಿನ ವರ್ಷಗಳ ಬಗ್ಗೆ ನನಗೆ ಕಣ್ಣು ತೆರೆಸಿದ್ದು ಯೇವಲಾ. ಅದು ಪೈಠಣಿ ಸೀರೆಯ ಊರು. ಎಷ್ಟೋ ವರ್ಷ ಅಲ್ಲಿ ಚಹಾ ಕುಡಿದು ಮುಂದೆ ಹೋಗುತ್ತಿದ್ದ ನಾನು, ತಂಗಿಯ ಮಗಳ ಮದುವೆಯ ನೆಪದಲ್ಲಿ ಒಂದು ಮಗ್ಗದ ಮನೆ ಹೊಕ್ಕೆ. ಅರವತ್ತು ದಾಟಿದ ನೇಕಾರರು ಸೆರಗಿನ ನವಿಲು ತುಂಬುತ್ತಿದ್ದರು. ಒಂದೊಂದು ಬಣ್ಣಕ್ಕೂ ಒಂದೊಂದು ಪುಟ್ಟ ಕಂಡಿಕೆ, ಬೆರಳಿನಲ್ಲೇ ಹಾಯಿಸಬೇಕು. ಇಡೀ ದಿನ ಕೂತರೆ ಗೇಣುದ್ದವೂ ಏರುವುದಿಲ್ಲ. ಎಷ್ಟು ದಿನ ಬೇಕು ಕಾಕಾ ಅಂದೆ. ಹುಡುಗನಾಗಿದ್ದಾಗ ಬೇಗ ಆಗುತ್ತಿತ್ತು, ಈಗ ಬಹಳ ದಿನ ಬೇಕು ಅಂದರು. ಕಣ್ಣು ಮಂಜಾಯಿತಾ ಅಂದೆ. ಅವರು ನಕ್ಕು ಮರಾಠಿಯಲ್ಲಿ ಹೇಳಿದ್ದರ ಅರ್ಥ ಇಷ್ಟು: "ಆಗ ತಪ್ಪು ಕಾಣುತ್ತಿರಲಿಲ್ಲ. ಈಗ ಕಾಣುತ್ತೆ. ಕಂಡ ಮೇಲೆ ಬಿಚ್ಚಲೇಬೇಕಲ್ಲ?"

ಆ ಮಾತನ್ನು ವೈಜಾಪುರದವರೆಗೂ ಚಪ್ಪರಿಸಿಕೊಂಡು ಹೋದೆ. ಇದೇ ಸರಿ ಅನಿಸಿತು. ಕೈಗಿಂತ ಕಿವಿ ಮುಂದೆ ಹೋಗಿಬಿಡುತ್ತದೆ; ಅದಕ್ಕೇ ತಡ. ನಿಧಾನ ಅನ್ನುವುದು ದೌರ್ಬಲ್ಯ ಅಲ್ಲ, ಪ್ರಾಮಾಣಿಕತೆ. ವೇರೂಳಿನ ಕೈಲಾಸವನ್ನೇ ನೋಡಿ. ನಮ್ಮ ರಾಷ್ಟ್ರಕೂಟರ ಒಂದನೇ ಕೃಷ್ಣನ ಕಾಲದ ಆ ದೇಗುಲವನ್ನು ಬೆಟ್ಟದ ನೆತ್ತಿಯಿಂದ ಕೆಳಕ್ಕೆ ಕೊರೆಯುತ್ತಾ ಬಂದರು. ತೆಗೆದ ಕಲ್ಲನ್ನು ಮತ್ತೆ ಅಂಟಿಸುವಂತಿಲ್ಲ. ಅಲ್ಲಿ ಅವಸರ ಮಾಡಿದ್ದರೆ ಏನಾಗುತ್ತಿತ್ತು? ಗೆಳೆಯ ಕೇಳಿದಾಗಲೆಲ್ಲ ನಾನು ಹೇಳುತ್ತಿದ್ದದ್ದೂ ಇದನ್ನೇ: "ಆಗಲಿ ಕಣೋ, ಒಳ್ಳೇದಾಗಿ ಮಾಡೋಣ. ಮೂರನೇ ಹಾಡಿನ ಥರ ಆಗಬಾರದು."

ಕಳೆದ ಜೂನ್‌ನಲ್ಲಿ ಅವನು ಎಂದಿನ ಪ್ರಶ್ನೆ ಕೇಳಿ, ನಾನು ಎಂದಿನ ಉತ್ತರ ಕೊಟ್ಟ ಮೇಲೆ, ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ಎಡಗೈ ಹೋಗಿದೆಯಪ್ಪಾ" ಅಂದ. ಏಪ್ರಿಲ್‌ನಲ್ಲಿ ಸ್ಟ್ರೋಕ್ ಆಗಿತ್ತಂತೆ. ಕಾಲು ಸರಿಹೋಗಿದೆ, ಮಾತು ಬಂದಿದೆ, ಎಡಗೈಯಲ್ಲಿ ಕೋಲು ನಿಲ್ಲುವುದಿಲ್ಲ.

ಕಾರು ಪಕ್ಕಕ್ಕೆ ಹಾಕಿ ಕೂತೆ. ಯೇವಲಾದ ನೇಕಾರರ ಮಾತಿನಲ್ಲಿ ನಾನು ಬೇಕೆಂತಲೇ ಮರೆತ ಅರ್ಧ ಆಗ ಕಣ್ಣೆದುರು ಬಂತು: ಅವರು ಬಿಚ್ಚುತ್ತಿದ್ದುದು ನೇಯ್ದದ್ದನ್ನು. ಮಗ್ಗದ ಮೇಲೆ ದಿನವೂ ಏನೋ ಒಂದು ಏರುತ್ತಿತ್ತು, ಅದರಲ್ಲಿ ತಪ್ಪಿದ್ದು ಇಳಿಯುತ್ತಿತ್ತು. ಕೈಲಾಸ ಕೊರೆದವರೂ ದಿನವೂ ಉಳಿಗೆ ಸುತ್ತಿಗೆ ಹಾಕುತ್ತಿದ್ದವರೇ. ನಾನು ಗಿಟಾರ್ ಮುಟ್ಟಿ ಒಂಬತ್ತು ವರ್ಷ. ಅವರ ನಿಧಾನವೂ ನನ್ನ ನಿಧಾನವೂ ಹೊರಗಿನಿಂದ ಒಂದೇ ಥರ ಕಾಣುತ್ತವೆ. ಒಳಗೆ ನೋಡಿದರೆ ಅವರದು ಕೆಲಸ, ನನ್ನದು ಕೆಲಸಕ್ಕೆ ಹೆದರಿ ಹುಡುಕಿಕೊಂಡ ಗೌರವದ ಹೆಸರು. ಮೊದಲ ಕ್ಯಾಸೆಟ್ ಕೇಳಿ ನಾಲ್ಕು ಜನ ಭೇಷ್ ಅಂದಿದ್ದರು. ಎರಡನೆಯದು ಬಾರದಿದ್ದರೆ ಅದು ಹಾಗೇ ಉಳಿಯುತ್ತದಲ್ಲ.

ಕೇಳುಗರಿಗೆ ಹೊಸ ಹಾಡಿನ ಸಾಲ ತೀರಿಸಬೇಕೆಂದು ನಾನು ನಂಬುವುದಿಲ್ಲ. ಅವರು ಕೊಟ್ಟ ದುಡ್ಡಿಗೆ ಹಳೆಯ ಹಾಡು ಸಂದಿದೆ. ಆದರೆ ಜೊತೆಗೆ ಬಾರಿಸಿದವನ ಲೆಕ್ಕ ಬೇರೆ. ನನ್ನ ಸಂಕೋಚಕ್ಕಾಗಿ ನಾನು ಕಾಯಿಸಿದ್ದು ನನ್ನ ಹಾಡನ್ನು ಮಾತ್ರ ಅಲ್ಲ, ಅವನ ಎಡಗೈಯನ್ನೂ. ಒಬ್ಬನೇ ಬರೆಯುವವನು ತಡಮಾಡಿದರೆ ಕಳೆಯುವುದು ಅವನ ಕಾಲ. ನಾಲ್ವರಲ್ಲಿ ಒಬ್ಬ ತಡಮಾಡಿದರೆ ಉಳಿದ ಮೂವರ ಕಾಲವೂ ಅವರನ್ನು ಕೇಳದೆ ಖರ್ಚಾಗುತ್ತದೆ.

ಕಾಲ ನಮ್ಮ ಸಿದ್ಧತೆಗಾಗಿ ಕಾಯುವುದಿಲ್ಲ ಅನ್ನುವುದಕ್ಕೆ ನಾಸಿಕ್‌ನಲ್ಲಿ ಒಂದು ಗುರುತು ಇದೆ. ಪಾಂಡವಲೇಣಿ ಬೆಟ್ಟದ ಬುಡದಲ್ಲಿ ದಾದಾಸಾಹೇಬ್ ಫಾಲ್ಕೆಯವರ ಸ್ಮಾರಕ. 1913ರ 'ರಾಜಾ ಹರಿಶ್ಚಂದ್ರ'ದ ನಂತರ ಇದೇ ಊರಿಗೆ ಬಂದು ಚಿತ್ರದ ಮೇಲೆ ಚಿತ್ರ ತೆಗೆದವರು. 1931ರಲ್ಲಿ ಸಿನಿಮಾ ಮಾತಾಡತೊಡಗಿತು. ಅವರು ತೆಗೆದ ಮಾತಿನ ಚಿತ್ರ 1937ರ 'ಗಂಗಾವತರಣ' ಒಂದೇ. 1944ರಲ್ಲಿ ನಾಸಿಕ್‌ನಲ್ಲೇ ತೀರಿಕೊಂಡರು. ಅವರ ಮೌನ ಅವರು ಆರಿಸಿಕೊಂಡದ್ದಲ್ಲ, ಕಾಲ ಹೇರಿದ್ದು. ನನ್ನದು ನಾನೇ ಆರಿಸಿಕೊಂಡದ್ದು.

ರೋಲಿಂಗ್ ಸ್ಟೋನ್ಸ್‌ನ 2023ರ ಆಲ್ಬಮ್ಮಿನ ಎರಡು ಹಾಡುಗಳಲ್ಲಿ ಡ್ರಮ್ ಬಾರಿಸಿದ್ದು ಚಾರ್ಲಿ ವಾಟ್ಸ್. ಅವರು ತೀರಿಕೊಂಡದ್ದು 2021ರಲ್ಲಿ. ಅವರಿರುವಾಗಲೇ ಯಾರೋ ಮೈಕ್ ಇಟ್ಟು, ಅರೆಬರೆಯಾದರೂ ಇರಲಿ ಅಂತ ರೆಕಾರ್ಡ್ ಮಾಡಿಟ್ಟಿದ್ದರಿಂದ ಅಷ್ಟಾದರೂ ಉಳಿಯಿತು. ಹದಿನೆಂಟು ವರ್ಷದ ಮೌನ ಅಂತ ನಾವು ಎಣಿಸುವಾಗ ಒಳಗೆ ಇಂಥ ಕೆಲಸ ನಡೆದಿತ್ತು.

ದೀಪಾವಳಿಗೆ ಗಿಟಾರ್ ಹಿಡಿದು ದಾವಣಗೆರೆಗೆ ಹೋದೆ. ಬೇಸ್ ನುಡಿಸುವವನು ಹರಿಹರದಿಂದ ಬಂದ. ಮಸ್ಕತ್ತಿನವನು ಫೋನಿನ ಪರದೆಯಲ್ಲಿ ಕೂತ. ಗೆಳೆಯ ಬಲಗೈಯಲ್ಲಿ ಒಂದೇ ಕೋಲು ಹಿಡಿದು, ಕಾಲಲ್ಲಿ ಬೇಸ್ ಡ್ರಮ್ ತುಳಿದು ತಾಳ ಕೊಟ್ಟ. ಅವನ ಹೆಂಡತಿ ಮೊಬೈಲನ್ನು ಕಿಟಕಿಯ ಮೇಲಿಟ್ಟು ರೆಕಾರ್ಡ್ ಒತ್ತಿದರು. ಒಂದೂವರೆ ಹಾಡು ಆಯಿತು. ಹೊರಗೆ ಹುಡುಗರ ಪಟಾಕಿ ಸದ್ದೂ ಸೇರಿಕೊಂಡಿದೆ, ನನ್ನ ತಂತಿ ಎರಡು ಕಡೆ ಶ್ರುತಿ ತಪ್ಪಿದೆ. ಈ ಸಲ ನಾಲ್ವರಿಗೂ ಅದು ಕೇಳಿಸಿತು. ಬಿಚ್ಚಿ ಮತ್ತೆ ನೇಯಬೇಕು. ಸಂಕ್ರಾಂತಿಗೆ ಮತ್ತೆ ಹೋಗುವವನಿದ್ದೇನೆ.